ರಾಜಿ ಮುಗಿಯುವ ಮುಂಚೆ

ಆ ಶನಿವಾರ ಬೆಳಗಿನ ಶಾಲೆ. ಮಧ್ಯಾಹ್ನದ ಹೊತ್ತಿಗೆ ನಮ್ಮ ಮನೆಯವರು ಶಾಲೆಗೆ ಬೀಗ ಹಾಕಿ ಬಂದರು. ಶಾಲೆಗೂ ನಮ್ಮ ಮನೆಗೂ ನಡುವೆ ಒಂದು ಬೇವಿನ ಮರ, ಅಷ್ಟೇ ದೂರ. ಕೈಕಾಲು ತೊಳೆದು ಊಟಕ್ಕೆ ಕುಳಿತರು. ಮುದ್ದೆ, ಅವರೆಕಾಳಿನ ಸಾರು. ಊಟವಾದ ಮೇಲೆ ಜಗುಲಿಯಲ್ಲಿ ಕುಳಿತು ಹುರಿದ ಕಡಲೆಕಾಯಿ ಸುಲಿಯತೊಡಗಿದರು. ಧರ್ಮಪುರದಿಂದ ಅವರ ತಮ್ಮ ಕಳಿಸಿದ್ದ ಕಾಯಿ ಅದು.

"ಸ್ವಲ್ಪ ಹೊತ್ತಿಸಿದೀಯ," ಎಂದರು.

"ಹೊತ್ತಿದ್ರೆ ಯಾಕೆ ತಿಂತೀರಿ, ಬಿಡ್ರಿ."

"ಬಿಟ್ರೆ ಸಾಯಂಕಾಲದ ತನಕ ಮುಖ ಊದಿಸ್ಕಂಡು ಓಡಾಡ್ತೀಯ. ಅದಕ್ಕೆ ತಿಂತಿದೀನಿ."

ನಾನು ಅಕ್ಕಿ ಆರಿಸುತ್ತಾ ಹತ್ತಿರವೇ ಕುಳಿತಿದ್ದೆ. ಸೋಮವಾರ ಎರಡೂ ಊರಿನವರು ಶಾಲೆಯ ಅಂಗಳಕ್ಕೆ ಬರುವವರಿದ್ದರು. ತಿಂಗಳುಗಟ್ಟಲೆ ಎಳೆದುಕೊಂಡು ಬಂದಿದ್ದ ರಾಜಿ ಅಂದು ಮುಗಿಯಬೇಕಿತ್ತು.

"ಮುಗಿಯುತ್ತೇನ್ರೀ?"

"ಮುಗಿಯೋ ಹಂಗೆ ಕಾಣ್ತೈತೆ."

"ಯಾವ ಕಡೆ?"

"ಅದನ್ನ ಹೇಳೋನು ನಾನಲ್ಲ. ಅವರ ಬಾಯಿಂದಲೇ ಬರಬೇಕು."

"ನಿಮ್ಮ ಮನಸ್ನಾಗೆ ಯಾವುದೈತೆ ಅಂತ ನನಗಾದ್ರೂ ಹೇಳ್ರಿ."

ಅವರು ನಕ್ಕರು. "ನಿನಗೆ ಹೇಳಿದ್ರೆ ನಿನ್ನ ಮುಖದಾಗೆ ಕಾಣುತ್ತೆ. ನಾಳೆ ನೀರಿಗೆ ಬಂದೋರು ಓದ್ಕಂಡು ಹೋಗ್ತಾರೆ."

ಆಮೇಲೆ ಗೋಡೆಗೆ ಒರಗಿ ಸ್ವಲ್ಪ ನಿದ್ದೆ ಮಾಡಿದರು. ನಾನು ಸಿಪ್ಪೆ ಗುಡಿಸಿ ಒಲೆಗೆ ಹಾಕಿದೆ. ಆ ದಿನದ ಬಗ್ಗೆ ಹೇಳುವುದಕ್ಕೆ ಬೇರೆ ಏನೂ ಇಲ್ಲ.

ನಾವಿದ್ದದ್ದು ಹೊಸದುರ್ಗ ತಾಲ್ಲೂಕಿನಲ್ಲಿ, ಶ್ರೀರಾಂಪುರಕ್ಕೆ ಹೋಗುವ ಬಸ್ಸು ಹಾದುಹೋಗುವ ರಸ್ತೆಯ ಪಕ್ಕ. ದಿಣ್ಣೆಯ ಮೇಲೊಂದು ಊರು, ಕೆರೆಯ ಕಡೆಗೊಂದು ಊರು. ಎರಡಕ್ಕೂ ಸೇರಿ ಒಂದೇ ಪಂಚಾಯ್ತಿ. ಜನ ಅವನ್ನು ಮೇಲಿನೂರು, ಕೆಳಗಿನೂರು ಎನ್ನುತ್ತಿದ್ದರು. ಶಾಲೆ ಎರಡಕ್ಕೂ ನಡುವೆ, ಶಾಲೆಯ ಪಕ್ಕ ಪಂಚಾಯ್ತಿಯವರು ಮೇಷ್ಟರಿಗೆಂದು ಕಟ್ಟಿಸಿದ ನಮ್ಮ ಮನೆ. ನಾನು ಹೊಳಲ್ಕೆರೆ ಕಡೆಯವಳು, ಏಳನೆಯ ತರಗತಿಯವರೆಗೆ ಓದಿದವಳು. ಅವರು ಧರ್ಮಪುರದವರು. ನಮಗೆ ಮಕ್ಕಳಾಗಲಿಲ್ಲ. ಆ ಎರಡೂ ಊರುಗಳಲ್ಲಿ ನಮಗೆ ನೆಂಟರೂ ಇರಲಿಲ್ಲ. ನೆಂಟರಿಲ್ಲದವರು ಎಂಬ ಕಾರಣಕ್ಕೇ ಅವರನ್ನು ರಾಜಿಗೆ ಕೂರಿಸಿದ್ದು.

ಜಗಳ ಇದ್ದದ್ದು ಸ್ಮಶಾನಕ್ಕೆ. ಹಳೆಯ ಸ್ಮಶಾನ ಎರಡೂರಿಗೂ ಒಂದೇ ಆಗಿತ್ತು. ಒಂದೊಂದು ಜಾತಿಗೆ ಒಂದೊಂದು ಮೂಲೆ, ಆದರೆ ಬೇಲಿ ಒಂದೇ. ಎಪ್ಪತ್ತರ ದಶಕದ ಆ ವರ್ಷಗಳಲ್ಲಿ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಗಿತ್ತು, ಪಂಚಾಯ್ತಿ ಕಛೇರಿಯ ಬೋರ್ಡಿನಲ್ಲಿ ಮಾತ್ರ ಇನ್ನೂ ಹಳೆಯ ಹೆಸರೇ ಇತ್ತು. ಆಗ ರಸ್ತೆ ಅಗಲ ಮಾಡಿ ಟಾರು ಹಾಕಿದರು. ಸ್ಮಶಾನದ ಬಹುಪಾಲು ಅದರ ಅಡಿಗೆ ಹೋಯಿತು. ಉಳಿದ ಪಟ್ಟಿಯಲ್ಲಿ ಎಲ್ಲಿ ತೋಡಿದರೂ ಹಿಂದಿನವರ ಮೂಳೆ ಮೇಲೆ ಬರುತ್ತಿತ್ತು.

ಹೊಸ ಜಾಗಕ್ಕೆ ಎರಡೇ ದಾರಿ. ಒಂದು, ಮೇಲಿನೂರಿನ ಆಚೆಯ ಗೋಮಾಳ. ಇನ್ನೊಂದು, ಕೆಳಗಿನೂರಿನ ಕೆರೆ ಪಕ್ಕದ ಬಂಜರು. ಗೋಮಾಳ ಹೋದರೆ ದನಕ್ಕೆ ಮೇವೆಲ್ಲಿ ಎಂದು ಮೇಲಿನೂರಿನವರು. ಬಂಜರಿನ ನೀರು ಇಳಿದು ನಮ್ಮ ಕುಡಿಯುವ ಬಾವಿಗೆ ಬರುತ್ತದೆ ಎಂದು ಕೆಳಗಿನೂರಿನವರು. ಪಂಚಾಯ್ತಿ ಸದಸ್ಯರು ಅರ್ಧ ಆ ಕಡೆ, ಅರ್ಧ ಈ ಕಡೆ. ಛೇರ್ಮನ್ನರು ಚಿತ್ರದುರ್ಗದ ತನಕ ಹೋಗಿ ಸಾಹೇಬರನ್ನು ಕಂಡು ಬಂದರು. ಊರಿನವರು ಒಪ್ಪಿ ಬರೆದುಕೊಟ್ಟರೆ ಮಂಜೂರು ಮಾಡುತ್ತೇವೆ, ಜಗಳದ ಜಾಗಕ್ಕೆ ನಾವು ಕೈ ಹಾಕುವುದಿಲ್ಲ ಎಂದು ಅಲ್ಲಿ ಹೇಳಿ ಕಳಿಸಿದ್ದರು.

ನಮ್ಮ ಕಡೆ ಒಂದು ನಂಬಿಕೆ ಇದೆ. ಒಂದು ಜಾಗದಲ್ಲಿ ಮೊದಲ ಹೆಣ ಮಣ್ಣಾದರೆ ಆ ಜಾಗ ಸ್ಮಶಾನವಾಯಿತು. ಆಮೇಲೆ ಯಾವ ಸರ್ಕಾರ ಬಂದರೂ ಅದನ್ನು ಬೇರೆ ಮಾಡುವಂತಿಲ್ಲ. ಆದ್ದರಿಂದ ಎರಡೂ ಕಡೆಯವರು ತಮ್ಮ ಜಾಗವನ್ನು ಕಾಯುತ್ತಿದ್ದರು. ಹೊಲವಿದ್ದವರು ತಮ್ಮ ಹೊಲದಲ್ಲೇ ಮಣ್ಣು ಮಾಡಿಕೊಂಡರು. ಇಲ್ಲದವರು ಇನ್ನೊಬ್ಬರ ಬದುವಿನಲ್ಲಿ ಜಾಗ ಬೇಡಬೇಕಾಗಿತ್ತು.

ಕೆಳಗಿನೂರಿನಲ್ಲಿ ಆಡು ಮೇಯಿಸುವ ಒಬ್ಬ ಅಜ್ಜಿ ಇದ್ದಳು. ಅವಳಿಗೆ ಹೊಲವೂ ಇಲ್ಲ, ಯಾರ ಭಯವೂ ಇಲ್ಲ. ಮೊದಲ ದಿನ ರಾಜಿಗೆ ಸೇರಿದ್ದ ಗಂಡಸರ ಎದುರಿಗೆ ಕೋಲೂರಿ ನಿಂತು ಕೇಳಿದಳು: "ನಿಮಗೇನ್ರಪ್ಪ, ಹೊಲದಾಗೆ ಕಾಲು ಚಾಚ್ಕಂಡು ಮಲಗ್ತೀರಿ. ನನ್ನ ಎಲ್ಲಿ ಇಡ್ತೀರಿ? ಆಡಿನ ರೊಪ್ಪದಾಗಾ?"

"ನೀನೆಲ್ಲಿ ಸಾಯ್ತೀಯಜ್ಜಿ, ನಮ್ಮನ್ನೆಲ್ಲ ಕಳಿಸಿಯೇ ಹೋಗೋಳು," ಎಂದು ಯಾರೋ ಅಂದರು.

"ಕಳಿಸಾಣ ಅಂದ್ರೆ ನಿಮಗೂ ಜಾಗ ಇಲ್ವಲ್ಲೋ!"

ಅಂದು ಎಲ್ಲರೂ ನಕ್ಕರು. ಆ ನಗುವಿನಲ್ಲೇ ನಮ್ಮ ಮನೆಯವರು ಮೊದಲ ಒಪ್ಪಂದ ಮಾಡಿಸಿದರು. ರಾಜಿ ಮುಗಿಯುವ ತನಕ ಹಳೆಯ ಪಟ್ಟಿಯನ್ನು ಯಾರೂ ತೋಡಬಾರದು, ಸತ್ತವರ ಮೂಳೆಯನ್ನು ಎಬ್ಬಿಸಬಾರದು. ಎರಡೂರೂ ಮಾತು ಕೊಟ್ಟವು.

ರಾಜಿಗೆ ಕುಳಿತ ಮೇಲೆ ಅವರು ಎರಡೂ ಊರಿನಲ್ಲಿ ಒಂದು ಲೋಟ ನೀರನ್ನೂ ಕುಡಿಯಲಿಲ್ಲ. ಒಂದು ಮನೆಯಲ್ಲಿ ಮಜ್ಜಿಗೆ ಕುಡಿದರೆ ಇನ್ನೊಂದೂರಿಗೆ ಸುದ್ದಿ ಹೋಗುತ್ತದೆ ಎನ್ನುತ್ತಿದ್ದರು. ನಾನೇ ಚೆಂಬಿನಲ್ಲಿ ನೀರು ಕಟ್ಟಿಕೊಡುತ್ತಿದ್ದೆ. ನನಗೂ ಹೇಳಿದರು, ಅರಿಶಿನ ಕುಂಕುಮಕ್ಕೆ ಯಾರು ಕರೆದರೂ ಸದ್ಯಕ್ಕೆ ಬೇಡ, ಎಲ್ಲ ಮುಗಿದ ಮೇಲೆ ಎರಡು ಕಡೆಗೂ ಹೋಗುವೆಯಂತೆ ಎಂದು. ಹೋಗಲಿಲ್ಲ. ಶಾಲೆಯ ಬಾವಿ ಸಿಹಿನೀರಿನದು, ಎರಡೂರಿನ ಹೆಂಗಸರೂ ಬರುತ್ತಿದ್ದರು. ಮೊದಲು ಕೊಡ ಇಳಿಸಿ ನಮ್ಮ ಜಗುಲಿಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡು ಹೋಗುವವರು, ಈಗ ನೀರು ಸೇದಿಕೊಂಡು ಸೀದಾ ಹೋಗುತ್ತಿದ್ದರು. ಕೂತರೆ ಮೇಷ್ಟ್ರ ಹೆಂಡತಿಯ ಕಿವಿ ಕಚ್ಚುತ್ತಿದ್ದಾಳೆ ಎಂಬ ಮಾತು ಬರುತ್ತಿತ್ತು. ಕಾರ್ತೀಕದಲ್ಲಿ ನಾನೊಬ್ಬಳೇ ದೀಪ ಹಚ್ಚಿದೆ. ಆಗ ಅದು ದೊಡ್ಡ ಬೇಸರವೆಂದು ನನಗೆ ಅನ್ನಿಸಿತ್ತು.

ಮಾತಿನಿಂದ ಏನೂ ಮುಂದೆ ಹೋಗದಿದ್ದಾಗ ಅವರೊಂದು ಕೆಲಸ ಮಾಡಿದರು. ಹೆಣ ಹೊತ್ತು ಹೋಗುವ ದಾರಿ ಹೇಗಿದೆ ಎಂದು ಹೊತ್ತೇ ನೋಡಬೇಕು, ಕೂತು ಹೇಳಿದರೆ ಗೊತ್ತಾಗದು ಎಂದರು. ಒಂದು ಮಂಚ, ಅದರ ಮೇಲೆ ರಾಗಿ ಮೂಟೆ. ಹೊರಲಿಕ್ಕೆ ಮೇಲಿನೂರಿನವರು ಇಬ್ಬರು, ಕೆಳಗಿನೂರಿನವರು ಇಬ್ಬರು. ಎರಡೂ ಜಾಗಕ್ಕೆ ಹೋಗಿ ಬರುವುದು. ಆದರೆ ಮಂಚ ಕೊಡಲು ಯಾರೂ ಒಪ್ಪಲಿಲ್ಲ. ಬದುಕಿರುವವರು ಮಲಗುವ ಮಂಚವನ್ನು ಸ್ಮಶಾನದ ಕಡೆಗೆ ಯಾರು ಕಳಿಸುತ್ತಾರೆ? ಕೊನೆಗೆ ನಮ್ಮ ಮನೆಯ ಹಗ್ಗದ ಮಂಚವನ್ನೇ ಹೊರಗೆ ತಂದರು.

"ಏನ್ರೀ ಇದು, ನಾವು ಮಲಗೋ ಮಂಚ," ಎಂದೆ.

"ಬೇರೆಯೋರದ್ದು ಕೇಳಿದ್ರೆ ಅವರಿಗೂ ಹಿಂಗೇ ಅನ್ಸುತ್ತಲ್ಲ," ಎಂದರು.

ಮಂಚ ಮೇಲಿನೂರಿನ ದಾರಿ ಹಿಡಿದಾಗ ಆಡು ಅಟ್ಟಿಕೊಂಡು ಅಜ್ಜಿ ಎದುರಿಗೆ ಬಂದಳಂತೆ.

"ಯಾರ್ರಲೇ ಸತ್ತೋರು?"

"ರಾಗಿ ಮೂಟೆ ಕಣಜ್ಜಿ."

"ಅಯ್ಯೋ ಪಾಪ, ಎಷ್ಟಾಗಿತ್ತೋ ವಯಸ್ಸು?"

"ಹೋದ ಸುಗ್ಗೀಲಿ ಹುಟ್ಟಿದ್ದು."

"ಬಾಳಿ ಬದುಕೋ ವಯಸ್ಸು! ಮುದ್ದೆ ಆಗೋದಿತ್ತು," ಎಂದು ಅಜ್ಜಿ ಬಾಯಿ ಬಡಿದುಕೊಂಡು ಅತ್ತಂತೆ ಮಾಡಿದಳಂತೆ. ಹೊತ್ತವರಿಗೆ ನಗು ತಡೆಯಲಾಗದೆ ಮೂಟೆ ವಾಲಿತಂತೆ.

ಮೇಲಿನೂರು ದಾಟುವಾಗ ಹೊತ್ತವರಿಗೆ ಹೆಗಲು ನೋವು ಬಂದು ಮಂಚ ಇಳಿಸಲು ಹೋದರು. ಹೆಣ ಹೊರುವಾಗಲೂ ಅರ್ಧ ದಾರಿಯಲ್ಲಿ ಒಂದು ಕಡೆ ನೆಲಕ್ಕೆ ಇಳಿಸಿ, ಹೆಗಲು ಬದಲಿಸಿ, ಮತ್ತೆ ಎತ್ತುವುದು ನಮ್ಮಲ್ಲಿ ಪದ್ಧತಿ. ಇಳಿಸಲು ಹೋದದ್ದು ಆ ಊರಿನ ಹಿರಿಯರಾದ ಗೌಡರ ಕಣದ ಎದುರಿಗೆ. ಜೊತೆಯಲ್ಲಿ ಬರುತ್ತಿದ್ದ ಗೌಡರು, "ಇಲ್ಲಿ ಮಾತ್ರ ಇಳಿಸಬ್ಯಾಡ್ರಿ!" ಎಂದು ಕೂಗಿಬಿಟ್ಟರಂತೆ. ಎಲ್ಲರೂ ಅವರ ಮುಖ ನೋಡಿದರು. ನಮ್ಮ ಮನೆಯವರು ಏನೂ ಕೇಳದೆ, "ಎತ್ರಪ್ಪ, ಮುಂದಕ್ಕೆ ಹೋಗಾಣ," ಎಂದರಂತೆ.

ಸಂಜೆ ಅವರು ನನಗೆ ಹೇಳಿದರು. ಇಷ್ಟು ತಿಂಗಳು ದನದ ಮೇವು ಎನ್ನುತ್ತಿದ್ದರಲ್ಲ, ಗೌಡರ ಕಷ್ಟ ಮೇವಿನದಲ್ಲ. ಎರಡೂರಿನ ಹೆಣಗಳು ಕಾಳು ಒಕ್ಕುವ ಕಣದ ಎದುರಿಗೆ ಇಳಿಯುತ್ತವೆ ಎಂಬುದೇ ಅವರ ಕಷ್ಟ. ಅದನ್ನು ಬಾಯಿಬಿಟ್ಟು ಹೇಳಿದರೆ ತಮ್ಮೊಬ್ಬರ ಮನೆಯ ಮಾತಾಗುತ್ತದೆಂದು ಊರಿನ ದನಗಳ ಹೆಸರು ಹೇಳುತ್ತಿದ್ದರು. ಆ ಮಾತನ್ನು ನಮ್ಮ ಮನೆಯವರು ಸಭೆಯಲ್ಲಿ ಎತ್ತಲಿಲ್ಲ. ಗೌಡರೊಬ್ಬರನ್ನೇ ಕಂಡು ಬಂದರು. ಕೆರೆ ಕಡೆಯ ದಾರಿಯಲ್ಲಿಯೂ ಹಾಗೇ ಆಯಿತು. ನೀರಿನ ಇಳಿಜಾರನ್ನು ಮೇಲಿನೂರಿನ ಹುಡುಗರು ತಮ್ಮ ಕಣ್ಣಿನಿಂದಲೇ ನೋಡಿದರು. ಒಂದು ಕಾಲುವೆ ತೋಡಿದರೆ ನೀರನ್ನು ಬೇರೆ ಕಡೆಗೆ ತಿರುಗಿಸಬಹುದೇನೋ ಎಂದು ಅವರೇ ಮಾತಾಡಿಕೊಂಡರು. ಹೀಗೆ ಎರಡೂ ಜಾಗಗಳು ಬಾಗಿಲು ತೆರೆದುಕೊಂಡು ನಿಂತಿದ್ದವು. ಸೋಮವಾರ ಅವರವರೇ ಒಂದನ್ನು ಆರಿಸಬೇಕಿತ್ತು.

ಭಾನುವಾರ ಬೆಳಿಗ್ಗೆ ನಮ್ಮ ಮನೆಯವರು ಬಚ್ಚಲ ಒಲೆಗೆ ಉರಿ ಹಾಕುತ್ತಿದ್ದರು. ಗೋಡೆ ಹಿಡಿದುಕೊಂಡು ಕುಳಿತವರು, "ಸ್ವಲ್ಪ ನೀರು ಕೊಡು," ಎಂದರು. ಕೊಟ್ಟೆ. ಅರ್ಧ ಕುಡಿದರು. ಶ್ರೀರಾಂಪುರದಿಂದ ಡಾಕ್ಟರನ್ನು ಕರೆತರಲು ಸೈಕಲ್ಲಿನಲ್ಲಿ ಹೋದವನು ಊರ ಗಡಿ ದಾಟುವ ಮೊದಲೇ ಎಲ್ಲ ಮುಗಿದಿತ್ತು.

ಎರಡೂರಿನವರೂ ಬಂದರು. ಅಷ್ಟು ಜನ ನಮ್ಮ ಅಂಗಳದಲ್ಲಿ ಸೇರಿದ್ದನ್ನು ನಾನು ಎಂದೂ ನೋಡಿರಲಿಲ್ಲ. ಮೇಲಿನೂರಿನವರು ಬೇವಿನ ಮರದ ಆಚೆ, ಕೆಳಗಿನೂರಿನವರು ಈಚೆ ನಿಂತರು. ಹೆಂಗಸರು ಒಳಗೆ ಬಂದು ನನ್ನನ್ನು ಹಿಡಿದುಕೊಂಡು ಅತ್ತರು. ತಿಂಗಳುಗಳಾದ ಮೇಲೆ ಅವರು ನನ್ನ ಹೊಸ್ತಿಲು ದಾಟಿದ್ದು ಅಂದೇ.

ಸ್ವಲ್ಪ ಹೊತ್ತಿಗೆ ಹೊರಗಿನಿಂದ ಮಾತು ಕೇಳಿಸಿತು. ಕೆಳಗಿನೂರಿನ ಯಜಮಾನರು ಹೇಳುತ್ತಿದ್ದರು: "ಮೇಷ್ಟ್ರು ದೊಡ್ಡ ಮನುಷ್ಯರು. ಎತ್ತರದ ಜಾಗದಾಗೆ ಇರಬೇಕು. ಗೋಮಾಳದಾಗೆ ಇಡಾಣ."

ಮೇಲಿನೂರಿನ ಒಬ್ಬರು, "ಅಲ್ಲಿ ಬರೀ ಬಿಸಿಲು. ಕೆರೆ ಪಕ್ಕ ತಂಪೈತೆ. ಅಲ್ಲೇ ಒಳ್ಳೇದು," ಎಂದರು.

ಗೌಡರು ತಲೆ ತಗ್ಗಿಸಿ ನಿಂತಿದ್ದರು. ಛೇರ್ಮನ್ನರು ಕೈ ಜೋಡಿಸಿ, "ನಮ್ಮ ಹೊಲದಾಗೆ ಇಡ್ರಿ, ಜಗಳವೇ ಬ್ಯಾಡ," ಎಂದರು. ಅವರ ಹೊಲ ಇದ್ದದ್ದು ಮೇಲಿನೂರಿನಲ್ಲಿ. ಮೇಷ್ಟ್ರು ಆ ಊರಿನ ಪಾಲಾಗುತ್ತಾರೆಂದು ಕೆಳಗಿನೂರಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಳೆಯ ಪಟ್ಟಿಯ ಮಾತನ್ನು ಯಾರೂ ಎತ್ತಲಿಲ್ಲ. ಅದನ್ನು ತೋಡಬಾರದೆಂದು ನಮ್ಮ ಮನೆಯವರ ಎದುರಿಗೇ ಮಾತು ಕೊಟ್ಟಿದ್ದರು.

ಆಗ ಅಜ್ಜಿಯ ಧ್ವನಿ ಬಂತು. "ಏನ್ರಪ್ಪ, ಮೇಷ್ಟ್ರ ಹೆಣ ಇಟ್ಕಂಡು ಜಾಗ ಗೆಲ್ತೀರಾ? ಬಾಯಾಗೆ ಮಣ್ಣು ಹಾಕ! ಒಳಗೆ ಆ ತಾಯಿ ಕುಂತವಳೆ, ಅವಳನ್ನ ಕೇಳ್ರಿ."

ಛೇರ್ಮನ್ನರು ಬಾಗಿಲಿಗೆ ಬಂದರು. "ಅಮ್ಮಾರೇ, ನೀವು ಹೇಳ್ರಿ. ಮೇಷ್ಟ್ರು ನಿಮ್ಮ ಹತ್ರ ಏನಾದ್ರೂ ಅಂದಿರ್ತಾರೆ. ನೀವು ಎಲ್ಲಿ ಅಂದ್ರೆ ಅಲ್ಲಿ. ಎರಡೂರೂ ಒಪ್ತೀವಿ."

ನಮ್ಮ ಹಿತ್ತಿಲ ಬಾಗಿಲಿನಲ್ಲಿ ನಿಂತರೆ ಗೋಮಾಳ ಕಾಣುತ್ತದೆ. ಕೆರೆಯ ಪಕ್ಕಕ್ಕೆ, ಮುದ್ದೆಗೆ ಎಸರಿಟ್ಟು ಹೋಗಿ ಬರಬಹುದು. ಯಾವುದನ್ನು ಹೇಳಿದರೂ ಅವರು ನನ್ನ ಹತ್ತಿರ ಇರುತ್ತಿದ್ದರು. ದಿನಾ ಒಂದು ಚೆಂಬು ನೀರು ತೆಗೆದುಕೊಂಡು ಹೋಗಬಹುದಿತ್ತು. ಒಂದು ಮಾತು ಸಾಕಿತ್ತು. ಆದರೆ ಆ ಒಂದು ಮಾತು ತೀರ್ಪಾಗುತ್ತಿತ್ತು. ಅಷ್ಟು ತಿಂಗಳು ಅವರು ಯಾವುದನ್ನು ತಮ್ಮ ಬಾಯಿಂದ ಹೇಳದೆ ಕಾದಿದ್ದರೋ, ಅದನ್ನು ಅವರ ದೇಹದಿಂದ ನಾನು ಹೇಳಿಸಿದಂತಾಗುತ್ತಿತ್ತು. ಒಂದೂರು ಸೋಲುತ್ತಿತ್ತು, ಸೋತ ಊರಿನವರು ಆ ಗುಂಡಿಯನ್ನು ನೋಡುವಾಗಲೆಲ್ಲ ಅವರನ್ನು ಬೈಯುತ್ತಿದ್ದರು.

"ಅವರು ನನಗೇನೂ ಹೇಳಿಲ್ಲ," ಎಂದೆ. "ಅವರ ಊರಿಗೆ ಕರಕೊಂಡು ಹೋಗ್ತೀನಿ."

"ಧರ್ಮಪುರಕ್ಕಾ? ಅಷ್ಟು ದೂರ ಯಾಕಮ್ಮಾ?"

"ಅಲ್ಲಿ ಅವರ ತಮ್ಮನ ಹೊಲ ಐತೆ."

ಹೆಂಗಸರಲ್ಲಿ ಒಬ್ಬಳು, ಅಲ್ಲಿಗೆ ಹೋದರೆ ಆಮೇಲೆ ನೀನು ನೋಡೋದು ಹೆಂಗೆ ಎಂದು ಕಿವಿಯಲ್ಲಿ ಕೇಳಿದಳು.

ಹಿರಿಯೂರಿನ ಸಾಬರ ಲಾರಿಯೊಂದು ತೆಂಗಿನಕಾಯಿ ತುಂಬಲು ಮೇಲಿನೂರಿಗೆ ಬಂದಿತ್ತು. ಹೆಣ ಹಾಕಿಕೊಳ್ಳುತ್ತಾರೋ ಇಲ್ಲವೋ ಎಂದು ಅಂಜುತ್ತಲೇ ಕೇಳಿದರು. ಸಾಬರು ಟೋಪಿ ಸರಿಮಾಡಿಕೊಂಡು, "ಕಾಯಿ ಹೊರೋ ಲಾರಿ ಮೇಷ್ಟ್ರನ್ನ ಹೊರಲ್ವೇನಪ್ಪ? ಹತ್ಸಿ," ಎಂದರು. ಹುಲ್ಲು ಹಾಸಿದರು. ಯಾರೂ ಹೇಳದೆಯೇ ಮೇಲಿನೂರಿನಿಂದ ಇಬ್ಬರು, ಕೆಳಗಿನೂರಿನಿಂದ ಇಬ್ಬರು ಹತ್ತಿ ಕುಳಿತರು. ಗೌಡರೂ ಯಜಮಾನರೂ ಅವರಲ್ಲಿದ್ದರು.

ಹೊಸದುರ್ಗ ದಾಟಿತು. ನಾನು ಅವರ ತಲೆಯ ಹತ್ತಿರ ಕುಳಿತು, ರಸ್ತೆ ಎತ್ತಿಹಾಕಿದಾಗ ತಲೆ ಅಲುಗದಂತೆ ಹಿಡಿದುಕೊಂಡಿದ್ದೆ. ಹಿರಿಯೂರು ಹತ್ತಿರ ಬರುವಾಗ ಗೌಡರು ಯಜಮಾನರ ಕಡೆ ತಿರುಗಿದರು.

"ನಮ್ಮ ಕಣದ ಹಿಂದಗಡೆಯಿಂದ ದಾರಿ ಬಿಡಬಹುದಿತ್ತು ಕಣಪ್ಪ. ಮೊದಲೇ ಬಾಯಿಬಿಟ್ಟು ಹೇಳಬೇಕಿತ್ತು ನಾನು."

ಯಜಮಾನರು, "ದನ ಬೇಕಾದ್ರೆ ನಮ್ಮ ಬಂಜರಿಗೆ ಹೊಡ್ಕಳ್ರಿ. ಹುಲ್ಲು ಐತೆ ಅಲ್ಲಿ," ಎಂದರು.

ಲಾರಿಯ ಸದ್ದಿನಲ್ಲಿ ನನಗೆ ಅಷ್ಟು ಕೇಳಿಸಿತು. ನಮ್ಮ ಮನೆಯವರಿಗೆ ಕೇಳಿಸಲಿಲ್ಲವಲ್ಲ ಎಂದು ಅವರ ಮುಖ ನೋಡಿದೆ.

ಸೂರ್ಯ ಇಳಿಯುವ ಹೊತ್ತಿಗೆ ಮೈದುನನ ಕಡಲೆಕಾಯಿ ಹೊಲದ ಮೂಲೆಯಲ್ಲಿ ಮಣ್ಣು ಮಾಡಿದರು. ಕಾಯಿ ಕಿತ್ತು ಖಾಲಿಯಾಗಿದ್ದ ಕೆಂಪು ನೆಲ. ಮೂರನೆಯ ದಿನ ಹಾಲು ತುಪ್ಪ ಬಿಟ್ಟೆ.

ಕರ್ಮವೆಲ್ಲ ಮುಗಿದ ಮೇಲೆ ನಾನು ವಾಪಸು ಬಂದೆ. ಮೈದುನ ಇಲ್ಲೇ ಇರಿ ಅತ್ತಿಗೆ ಎಂದ. ಆದರೆ ಅವರ ಅಂಗಿ, ಅವರ ಚಪ್ಪಲಿ, ಅವರು ಒರಗುತ್ತಿದ್ದ ಗೋಡೆ ಎಲ್ಲ ಇಲ್ಲಿದ್ದವು. ಪಂಚಾಯ್ತಿಯವರು ಮನೆ ಬಿಡಬೇಡಿ ಎಂದರು. ಶಾಲೆಯ ಮಕ್ಕಳಿಗೆ ಉಪ್ಪಿಟ್ಟು ಮಾಡುವ ಕೆಲಸ ಕೊಟ್ಟರು. ಹೊಸ ಮೇಷ್ಟ್ರು ಮೇಲಿನೂರಿನಲ್ಲಿ ಮನೆ ಮಾಡಿಕೊಂಡರು.

ಒಂದು ದಿನ ಗೌಡರೂ ಯಜಮಾನರೂ ಜೊತೆಯಲ್ಲಿ ಬಂದು ಜಗುಲಿಯ ಮೇಲೆ ಕುಳಿತರು. ಗೋಮಾಳದ ತುದಿಯಲ್ಲಿ ಸ್ಮಶಾನ, ಕಣದ ಹಿಂದಿನಿಂದ ದಾರಿ, ಅದಕ್ಕೆ ಬದಲು ಮೇಲಿನೂರಿನ ದನಗಳಿಗೆ ಕೆರೆ ಪಕ್ಕದ ಬಂಜರು. ಎಲ್ಲರೂ ಸಹಿ ಹಾಕಿ ಚಿತ್ರದುರ್ಗಕ್ಕೆ ಕಳಿಸಿದ್ದರು.

"ಮುಗೀತಮ್ಮಾ," ಎಂದರು ಗೌಡರು. "ಮೇಷ್ಟ್ರೂ ಇದನ್ನೇ ಅಂದ್ಕಂಡಿದ್ರಾ?"

"ನನಗೆ ಗೊತ್ತಿಲ್ಲ."

"ಇರಲಿ, ಹೇಳಬ್ಯಾಡ್ರಿ," ಎಂದು ಯಜಮಾನರು ನಕ್ಕರು. ನಾನು ಗುಟ್ಟು ಕಾಪಾಡುತ್ತಿದ್ದೇನೆ ಎಂದೇ ಅವರಿಬ್ಬರೂ ತಿಳಿದರು. ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ನೀರು ಕೊಡಲೇ ಎಂದೆ. ಇಬ್ಬರೂ ಕುಡಿದರು.

ಆ ಹೊಸ ಸ್ಮಶಾನದಲ್ಲಿ ಮೊದಲು ಮಣ್ಣಾದದ್ದು ಆಡು ಮೇಯಿಸುವ ಅಜ್ಜಿ. ಎರಡೂರಿನವರೂ ಹೆಗಲು ಕೊಟ್ಟರು. ನಾನು ಹಿತ್ತಿಲ ಬಾಗಿಲಿನಿಂದ ನೋಡಿದೆ. ಒಳ್ಳೆಯ ಜಾಗ, ಗಾಳಿ ಬರುತ್ತದೆ. ಮಂಚದ ಮೇಲೆ ಮೂಟೆ ಹೊರಿಸಿದ್ದೇ ಅಪಶಕುನವಾಯಿತು, ಅದಕ್ಕೇ ಮೇಷ್ಟ್ರು ಹೋದರು ಎಂದು ಕೆಲವರು ಆಡಿಕೊಂಡದ್ದೂ ನನ್ನ ಕಿವಿಗೆ ಬಿತ್ತು. ನಾನು ಸಿಟ್ಟಾಗಲಿಲ್ಲ. ಮನುಷ್ಯರಿಗೆ ಯಾವುದಾದರೂ ಒಂದು ಕಾರಣ ಬೇಕಾಗುತ್ತದೆ.

ನೀರಿಗೆ ಬಂದ ಹೆಂಗಸರು ಮತ್ತೆ ಜಗುಲಿಯಲ್ಲಿ ಕೂರತೊಡಗಿದರು. ರಾಜಿ ಮುಗಿದಿತ್ತಲ್ಲ. ಅರಿಶಿನ ಕುಂಕುಮಕ್ಕೆ ಮಾತ್ರ ಯಾರೂ ಕರೆಯಲಿಲ್ಲ. ಮುಗಿದ ಮೇಲೆ ಎರಡು ಕಡೆಗೂ ಹೋಗುವೆಯಂತೆ ಎಂದಿದ್ದರು ಅವರು. ಕರೆಯಲು ಬಂದವರು ಪಕ್ಕದಲ್ಲಿ ಕುಳಿತವಳನ್ನು ಕರೆದು, ನನ್ನ ಕಡೆ ನೋಡಿ, ಏನೋ ಬೇರೆ ಮಾತು ತೆಗೆಯುತ್ತಿದ್ದರು.

ಮೊದಮೊದಲು ನಾನು ಮೂರು ಬಸ್ಸು ಬದಲಿಸಿ ಧರ್ಮಪುರಕ್ಕೆ ಹೋಗಿ ಬರುತ್ತಿದ್ದೆ. ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಬಿಸಿಲಿನಲ್ಲಿ ಹೊಲ ಮುಟ್ಟುತ್ತಿದ್ದೆ. ಕೊನೆಯ ಬಸ್ಸು ತಪ್ಪೀತೆಂದು ಕುಳಿತಷ್ಟೇ ಬೇಗ ಏಳಬೇಕು. ಮೈದುನ ಆ ಮೂಲೆಯನ್ನು ಉಳದೆ ಬಿಟ್ಟಿದ್ದ. ಸುತ್ತ ಕಡಲೆ ಗಿಡ ಹಳದಿ ಹೂ ಬಿಟ್ಟಿರುತ್ತಿತ್ತು. ಏನಾದರೂ ಹೇಳಬೇಕೆಂದು ಹೋಗುತ್ತಿದ್ದೆ, ಅಲ್ಲಿ ಮಾತು ಬರುತ್ತಿರಲಿಲ್ಲ. ಮಾತೆಲ್ಲ ಇಲ್ಲಿ, ಬಚ್ಚಲ ಒಲೆಯ ಹತ್ತಿರ, ನೀರು ಸೇದುವಾಗ ಬರುತ್ತಿತ್ತು. ಈಗ ಮಂಡಿ ಬಗ್ಗುವುದಿಲ್ಲ, ಬಸ್ಸು ಹತ್ತಲಾರೆ.

ಮಹಾಲಯ ಅಮಾವಾಸ್ಯೆಗೆ ಎರಡೂರಿನವರೂ ಎಡೆ ಹೊತ್ತುಕೊಂಡು ಕಣದ ಹಿಂದಿನ ದಾರಿಯಲ್ಲಿ ಹೋಗುತ್ತಾರೆ. ಗೌಡರು ಈಗ ಅಲ್ಲೇ ಇದ್ದಾರೆ, ಯಜಮಾನರೂ ಇದ್ದಾರೆ. ಹೋದ ವರ್ಷ ಗೌಡರ ಮಗ ನಿಂತು ಮಾತಾಡಿಸಿ, "ನಿಮಗೂ ಜಾಗ ಐತೆ ಬಿಡ್ರಿ ಅಮ್ಮಾರೇ, ಯೋಚನೆ ಮಾಡಬ್ಯಾಡ್ರಿ," ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಅಲ್ಲಿ ನನಗೆ ಜಾಗ ಇದೆ. ಅವರು ಅಲ್ಲಿಲ್ಲ.